ಹಂದಿಗೂ ಬೇಕು ಮರದ ನೆರಳು

ಕೆಸರಲ್ಲಿ ಹೊರಳಿದ ಹಂದಿ ಕಂಡರೆ ನಾವು ಮೂಗು ಮುಚ್ಚುತ್ತೇವೆ. ಆದರೆ ಅದು ಕೊಳಕಿನ ಚಟವಲ್ಲ. ನಮ್ಮಂತೆ ಬೆವರಿ ಮೈ ತಣಿಸಿಕೊಳ್ಳಲು ಹಂದಿಗೆ ಆಗುವುದಿಲ್ಲ. ನೆರಳು, ನೀರು ಸಿಗದಿದ್ದರೆ ಚರಂಡಿಯೇ ಗತಿ.

ತಾಂಡವಪುರದ ಏಪ್ರಿಲ್ ಬಿಸಿಲು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಗಡಿನ ಶೆಡ್ಡಿಗಿಂತ ಹೊಂಗೆ, ಹಲಸಿನ ನೆರಳು ತಂಪು. ಉದುರಿದ ಹಲಸು ಹಂದಿಗೆ ಮೇವು, ಹಂದಿಯ ಗೊಬ್ಬರ ಮರಕ್ಕೆ. ಸ್ಪೇನಿನಲ್ಲಿ ಓಕ್ ಮರಗಳ ಕೆಳಗೆ ಬಿದ್ದ ಕಾಯಿ ತಿಂದು ಬೆಳೆದ ಹಂದಿಯ ಮಾಂಸಕ್ಕೆ ದುಬಾರಿ ಬೆಲೆ. ಹಂದಿ ಮೂತಿಯಿಂದ ನೆಲ ಕೆದಕಿ ಬೇರು ಕೀಳುತ್ತದೆ, ನಿಜ. ಅದಕ್ಕೇ ಎಳೆ ಸಸಿಗೆ ಬೇಲಿ ಹಾಕಬೇಕು, ಹಂದಿಯ ಜಾಗ ಆಗಾಗ ಬದಲಿಸಬೇಕು.

ತೊಡಕಿರುವುದು ಬೇರೆ ಕಡೆ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011-12ರಲ್ಲೇ ಶುರುವಾಯಿತು. ರೈತರ ಜಮೀನಿನಲ್ಲಿ ಬದುಕುಳಿದ ಸಸಿಗಳಿಗೆ ಅದು ಮೂರು ವರ್ಷ ಹಣ ಕೊಡುತ್ತದೆ. ಪಹಣಿಯೇ ಇಲ್ಲದ ಹಂದಿ ಸಾಕಣೆದಾರರು ಸಸಿ ಎಲ್ಲಿ ನೆಡಬೇಕು? ಊರೊಳಗೆ ಹಂದಿ ಬಿಟ್ಟರೆ ದೂರು, ಊರಾಚೆ ಕೂಡಿಹಾಕಲು ಜಾಗವಿಲ್ಲ.

ಹಂದಿ ಹಿಡಿಸುವ ಮೊದಲು ಪಂಚಾಯಿತಿಗಳು ಕೆರೆ, ಬಾವಿಗಳಿಂದ ದೂರದಲ್ಲಿ ಬೇಲಿ ಹಾಕಿದ ತುಂಡು ನೆಲವನ್ನು ಈ ಕುಟುಂಬಗಳಿಗೆ ಗುತ್ತಿಗೆಗೆ ಕೊಡಲಿ. ಇಲಾಖೆ ಸಸಿ ಕೊಡಲಿ. ಹಂದಿ ಸಾಕುವವರೂ ಊರಿನವರೇ ಅಲ್ಲವೇ?