ಅದು ಹಮ್ಮಿಂಗ್‌ಬರ್ಡ್ ಅಲ್ಲಪ್ಪಾ, ಸೂರಕ್ಕಿ

ಕ್ಯಾಂಟೀನ್ ಹಿಂದಿನ ದಾಸವಾಳಕ್ಕೆ ಮಿರಮಿರ ಮಿಂಚುವ ಕಪ್ಪು-ನೀಲಿ ಹಕ್ಕಿ ಬಂದರೆ ಸಾಕು, ಸ್ಟೇಟಸ್‌ನಲ್ಲಿ 'ಹಮ್ಮಿಂಗ್‌ಬರ್ಡ್' ಅಂತ ಫೋಟೊ ಬೀಳುತ್ತೆ. ಹಮ್ಮಿಂಗ್‌ಬರ್ಡ್ ಇರೋದು ಅಮೆರಿಕ ಖಂಡಗಳಲ್ಲಿ ಮಾತ್ರ. ಬಳ್ಳಾರಿಯಲ್ಲಿ ನಾವು ನೋಡೋದು ಸೂರಕ್ಕಿ. ಎರಡೂ ಮಕರಂದ ಹೀರುತ್ತವೆ, ಎರಡರ ಮೈಯೂ ಹೊಳೆಯುತ್ತೆ, ಆದರೆ ಹತ್ತಿರದ ನೆಂಟರಲ್ಲ. ಎರಡು ಕಾಲೇಜಿನವರು ಕಾಪಿ ಹೊಡೆಯದೆ ಹೆಚ್ಚುಕಡಿಮೆ ಒಂದೇ ಡಿಸೈನ್ ಮಾಡಿದ ಹಾಗೆ. ಹಮ್ಮಿಂಗ್‌ಬರ್ಡ್ ಅಡ್ಡ ಮಲಗಿದ 8ರಂತೆ ರೆಕ್ಕೆ ಬೀಸಿ ಗಾಳಿಯಲ್ಲೇ ನಿಲ್ಲುತ್ತೆ, ಹಿಂದಕ್ಕೂ ಹಾರುತ್ತೆ. ನಮ್ಮದು ಸಾಮಾನ್ಯವಾಗಿ ಕಡ್ಡಿ ಮೇಲೆ ಕೂತೇ ಊಟ ಮಾಡುತ್ತೆ.

ಪೆರುವಿನ ನಾಸ್ಕಾ ಬಯಲಲ್ಲಿ ಹಿಂದಿನವರು ತಮ್ಮ ಹಕ್ಕಿಯನ್ನು 90 ಮೀಟರ್‌ಗೂ ಉದ್ದವಾಗಿ ನೆಲದ ಮೇಲೆ ಗೀರಿದರು. 1994ರಲ್ಲಿ ಆ ರೇಖೆಗಳು ಯುನೆಸ್ಕೊ ಪಟ್ಟಿ ಸೇರಿದವು. ನಾವು ನಮ್ಮ ಹಕ್ಕಿಗೆ ಅವರ ಹಕ್ಕಿಯ ಹೆಸರಿಟ್ಟು ಕೂತಿದೀವಿ.

ಹೆಸರು ಹಾಳಾಗಲಿ, ಗೂಡು ನೋಡಿ. ಹೆಣ್ಣು ಒಬ್ಬಳೇ ಜೇಡರ ನೂಲು, ಒಣ ಎಲೆ, ನಾರು ಸೇರಿಸಿ ಜೋತಾಡೋ ಚೀಲ ಕಟ್ತಾಳೆ. ದೂರಕ್ಕೆ ಥೇಟ್ ಕಸ. ಹೋದ ವರ್ಷ ಫೆಸ್ಟ್‌ಗೆ ಗಿಡ ಕ್ಲೀನ್ ಮಾಡುವಾಗ ಕಸ ಅಂತಲೇ ನಾನು ಒಂದನ್ನು ಕಿತ್ತೆಸೆದೆ. ಒಳಗೆ ಎರಡು ಮೊಟ್ಟೆ ಇದ್ದವು.

ಮೊಟ್ಟೆ ಇಟ್ಟಾಗಿನಿಂದ ಮರಿ ಹಾರೋವರೆಗೆ ಸುಮಾರು ಒಂದು ತಿಂಗಳು. ಅಷ್ಟು ದಿನ ಆ ಗಿಡಕ್ಕೆ ಕತ್ತರಿ ಹಾಕದಿದ್ದರೆ ಯಾರ ಗಂಟು ಹೋಗುತ್ತೆ? ಸಿರುಗುಪ್ಪ, ಕುರುಗೋಡಿಂದ ಬಸ್ಸಲ್ಲಿ ಬರೋರೇ, ಮನೆಯ ಹಿತ್ತಲಲ್ಲೂ ಒಮ್ಮೆ ಹುಡುಕಿ. ನಿಮ್ಮ ಅಜ್ಜಿ ಅದನ್ನ ಏನಂತ ಕರೀತಾರೆ ಕೇಳ್ಕೊಂಡು ಬನ್ನಿ. ಮುಂದಿನ ಫೋಟೊ ಕೆಳಗೆ ಅದನ್ನೇ ಹಾಕೋಣ.