ಕುದುರೆ ಇದ್ದ ಕೋವಿ
ಮೈಸೂರಿನಿಂದ ಊಟಿಗೆ ಹೋಗುವವರು ಗುಂಡ್ಲುಪೇಟೆಗೆ ಮುನ್ನ ಬೇಗೂರನ್ನು ಹಾಯುತ್ತಾರೆ. ಮುಂದಿನ ಬಂಡೀಪುರ ಒಂದು ಕಾಲಕ್ಕೆ ಮೈಸೂರು ಅರಸರ ಬೇಟೆಯ ಕಾಡು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಕಡಿವಾಣ ಹಾಕಿತು. ಮರುವರ್ಷ ಹುಲಿ ಯೋಜನೆ ಬಂತು. ಉಳಿದದ್ದು ಬೆಳೆ ಕಾಯುವ ನೆಪದ ಲೈಸೆನ್ಸ್ ಕೋವಿ, ಚುನಾವಣೆ ಬಂದಾಗ ಠಾಣೆಗೆ ಹೋಗಿ ಬರುವ ಹಿರಿಯ. ಅಂಥದ್ದರಲ್ಲಿ ಹೊರಗೆ ಎರಡು ಕುದುರೆ, ಅಂದರೆ ಬಡಿಯುವ ಸುತ್ತಿಗೆ, ಎದ್ದು ನಿಂತ ಜೋಡುನಳಿಗೆಯದು ಕಂಡರೆ ಮೊದಲು ಕೆತ್ತನೆ ನೋಡಿ. ಕೈಯುಳಿ ಕೊರೆದ ಬಳ್ಳಿಯ ಗೆರೆ ಒಂದೆಡೆ ಆಳ, ಒಂದೆಡೆ ತೆಳು. ಅಚ್ಚೊತ್ತಿದ್ದು ಎಲ್ಲೆಡೆ ಒಂದೇ ಸಮ. ಅಂಗೈ ತಾಗುವಲ್ಲಿ ಬಳ್ಳಿ ಸವೆದು, ಸಂದಿಯಲ್ಲಿ ಚೂಪಾಗಿ ಉಳಿದಿದ್ದರೆ ಅದು ಪ್ರಾಮಾಣಿಕ ಮುಪ್ಪು. ಎಲ್ಲೆಡೆ ಒಂದೇ ಹೊಳಪು, ಅಂಚುಗಳು ಮೊಂಡಾಗಿದ್ದರೆ ಯಾರೋ ಉಜ್ಜಿ ಚರಿತ್ರೆ ಅಳಿಸಿದ್ದಾರೆ. ತಿರುಪುಗಳ ಸೀಳು ಹರಿದಿದ್ದರೆ ಪಳಗದ ಕೈ ಬಿದ್ದಿದೆ. ನಳಿಗೆಯ ಮೈಮೇಲೆ ನೀರಲೆಯಂಥ ಗೆರೆ ಇದೆಯೇ? ಅದು ಕಬ್ಬಿಣ, ಉಕ್ಕಿನ ಪಟ್ಟಿ ಹೊಸೆದು, ಸುತ್ತಿ, ಬೆಸೆದ ಡಮಾಸ್ಕಸ್ ನಳಿಗೆ; ಕರಿಮದ್ದಿನ ಕಾಲದ್ದು. ಒಳಗೆ ತುಕ್ಕು ಕೊರೆದಿರಬಹುದು. ಇಂದಿನ ತೋಟೆ ತುಂಬುವ ಸಾಹಸ ಬೇಡ. ನಳಿಗೆಯ ಬುಡದಲ್ಲಿ ಬರ್ಮಿಂಗ್‌ಹ್ಯಾಮ್ ಅಥವಾ ಬೆಲ್ಜಿಯಂನ ಲಿಯೇಜ್ ಪರೀಕ್ಷಾ ಮುದ್ರೆ ಹುಡುಕಿ: ಅದೇ ಕೋವಿಯ ಜಾತಕ. ಕೆತ್ತಿದವನ ಹೆಸರು ಬಹುಪಾಲು ಇರುವುದಿಲ್ಲ. ಕೊಲ್ಲುವ ಸಾಧನಕ್ಕೂ ಹೂಬಳ್ಳಿ ಬಿಡಿಸಿದ ಆ ಕೈಯನ್ನು ಏನೆನ್ನೋಣ?