ಶೇಂಗಾ ಬೆಳೆಯಲ್ಲಿ ಅಫ್ಲಾಟಾಕ್ಸಿನ್ ಸಮಸ್ಯೆ ಮತ್ತು ಜೈವಿಕ ನಿಯಂತ್ರಣ

ಚಿತ್ರದುರ್ಗ, ತುಮಕೂರು, ಬಳ್ಳಾರಿ ಮೊದಲಾದ ಜಿಲ್ಲೆಗಳಲ್ಲಿ ಶೇಂಗಾವನ್ನು ಹೆಚ್ಚಾಗಿ ಮಳೆಯಾಶ್ರಯದಲ್ಲಿ ಬೆಳೆಯಲಾಗುತ್ತದೆ. ಕಾಯಿ ಬಲಿಯುವ ಹಂತದಲ್ಲಿ ಮಳೆಯ ಕೊರತೆಯಾದಲ್ಲಿ, ಮಣ್ಣಿನಲ್ಲಿರುವ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರವು ಕಾಯಿಯನ್ನು ಸೇರಿ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತದೆ. ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗಬಲ್ಲ ಈ ವಿಷವು ಹುರಿದರೂ ಪೂರ್ಣ ನಾಶವಾಗುವುದಿಲ್ಲ. ನೇರ ಸೇವನೆಯ ಶೇಂಗಾದಲ್ಲಿ ಪ್ರತಿ ಕಿಲೋಗ್ರಾಂಗೆ 4 ಮೈಕ್ರೋಗ್ರಾಂ ಮೀರಿದ ಅಫ್ಲಾಟಾಕ್ಸಿನ್ ಅನ್ನು ಯುರೋಪಿಯನ್ ಒಕ್ಕೂಟವು ಒಪ್ಪುವುದಿಲ್ಲ. ಆದುದರಿಂದ ಇದು ಆರೋಗ್ಯದೊಂದಿಗೆ ರೈತರ ಆದಾಯದ ಪ್ರಶ್ನೆಯೂ ಆಗಿದೆ.

ಕಾಯಿಯನ್ನು ಸೇರಿದ ವಿಷವನ್ನು ಹೊರತೆಗೆಯುವುದು ಕಷ್ಟವಾದ್ದರಿಂದ ತಡೆಯು ಬಿತ್ತನೆಯಿಂದಲೇ ಆರಂಭವಾಗಬೇಕು. ಸ್ಯೂಡೋಮೊನಾಸ್ ಫ್ಲೋರೆಸೆನ್ಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ ಬೇರಿನ ಸುತ್ತ ನೆಲೆಸಿ, ಶಿಲೀಂಧ್ರಕ್ಕೆ ಬೇಕಾದ ಕಬ್ಬಿಣಾಂಶವನ್ನು ತಾನೇ ಬಳಸಿಕೊಂಡು, ಪ್ರತಿರೋಧಕ ವಸ್ತುಗಳನ್ನು ಸ್ರವಿಸಿ ಅದರ ಬೆಳವಣಿಗೆಯನ್ನು ಕುಗ್ಗಿಸುತ್ತದೆ. ಇದರ ಪುಡಿಯನ್ನು ಪ್ರತಿ ಕಿಲೋಗ್ರಾಂ ಬೀಜಕ್ಕೆ 10 ಗ್ರಾಂನಂತೆ ಲೇಪಿಸಿ, ನೆರಳಿನಲ್ಲಿ ಆರಿಸಿ ಬಿತ್ತಬೇಕು.

ಆದರೆ ಬೀಜೋಪಚಾರವೊಂದೇ ಸಾಲದು. ಕಟಾವಿನ ನಂತರ ತೇವಾಂಶವು ಶೇ. 8ಕ್ಕಿಂತ ಕಡಿಮೆಯಾಗುವಂತೆ ಕಾಯಿಗಳನ್ನು ಒಣಗಿಸದಿದ್ದಲ್ಲಿ ದಾಸ್ತಾನಿನಲ್ಲಿಯೂ ಶಿಲೀಂಧ್ರ ಬೆಳೆಯುತ್ತದೆ. ಒಡೆದ, ಮುರುಟಿದ, ಬೂಷ್ಟು ಹಿಡಿದ ಕಾಯಿಗಳನ್ನು ಬೇರ್ಪಡಿಸತಕ್ಕದ್ದು. ಅವುಗಳನ್ನು ಜಾನುವಾರುಗಳಿಗೂ ನೀಡಬಾರದು.

ಜೈವಿಕ ಪರಿಕರಗಳ ಲಭ್ಯತೆಯ ಬಗ್ಗೆ ರೈತ ಬಾಂಧವರು ಬಿತ್ತನೆಗೆ ಮುಂಚಿತವಾಗಿ ಸಮೀಪದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದಾಗಿದೆ.